ವಿಚಿತ್ರ ನಂಬಿಕೆ ಎಲ್ಲರಿಗೂ ಕಾಣುತ್ತದೆ, ವರ್ಕಿಂಗ್ ಮೆಮರಿ ಯಾರಿಗೂ ಕಾಣಲ್ಲ: ಸ್ಕಿಜೋಟೈಪಲ್ ಮನಸ್ಸು ಕೆಲಸ ಮಾಡುವ ರೀತಿ

ಒಂದು ಸಣ್ಣ ಪ್ರಯೋಗ ಮಾಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ, ಎರಡು-ಮೂರು ಸೆಕೆಂಡಿಗೆ ಒಂದರಂತೆ ಬಾಯಿಗೆ ಬಂದ ಅಂಕಿಗಳನ್ನು ಹೇಳುತ್ತಾ ಹೋಗಲಿ. ಈಗ ಕೇಳಿದ ಅಂಕಿಯನ್ನು ಅದಕ್ಕೂ ಮುಂಚೆ ಕೇಳಿದ ಅಂಕಿಗೆ ಕೂಡಿಸಿ ನೀವು ಉತ್ತರ ಹೇಳಬೇಕು. ಅವರು 3 ಅಂತಾರೆ, ಆಮೇಲೆ 5 ಅಂತಾರೆ, ನೀವು 8 ಅನ್ನುತ್ತೀರಿ. ಆಮೇಲೆ 2 ಅಂತಾರೆ. ಈಗ ಉತ್ತರ 10 ಅಲ್ಲ, 7. ಯಾಕೆಂದರೆ 2ನ್ನು ಕೂಡಿಸಬೇಕಾದ್ದು ನೀವು ಹೇಳಿದ 8ಕ್ಕಲ್ಲ, ಅವರು ಹೇಳಿದ 5ಕ್ಕೆ. ಮುಂದೆ 9 ಬಂದರೆ 11. ಒಂದು ನಿಮಿಷ ಹೀಗೇ ನಡೆಸಿ ನೋಡಿ. ಒಂದನೇ ಕ್ಲಾಸಿನ ಕೂಡುವ ಲೆಕ್ಕ, ಆದರೂ ತಲೆ ಬಿಸಿಯಾಗುತ್ತದೆ. ಹಳೇ ಅಂಕಿಯನ್ನು ಹಿಡಿದುಕೊಳ್ಳಬೇಕು, ಹೊಸದನ್ನು ಕೇಳಿಸಿಕೊಳ್ಳಬೇಕು, ಕೂಡಬೇಕು, ಬಾಯಲ್ಲಿ ಉತ್ತರ ಹೇಳಬೇಕು, ಹೇಳಿದ ಕೂಡಲೇ ಆ ಉತ್ತರವನ್ನು ಮರೆತು ಕೊನೇ ಅಂಕಿಯನ್ನು ಮಾತ್ರ ಉಳಿಸಿಕೊಳ್ಳಬೇಕು.

ಈ ಪರೀಕ್ಷೆಯ ಹೆಸರು ಪಾಸಾಟ್. ಸ್ಕಿಜೋಟೈಪಲ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ವ್ಯಕ್ತಿತ್ವದ ಕಾಯಿಲೆ ಇರುವವರು ಇದರಲ್ಲಿ ಉಳಿದವರಿಗಿಂತ ಬೇಗ ಎಡವುತ್ತಾರೆ. ಅವರಿಗೆ ಕೂಡುವ ಲೆಕ್ಕ ಚೆನ್ನಾಗೇ ಬರುತ್ತದೆ, ಬುದ್ಧಿಗೂ ಏನೂ ಕೊರತೆ ಇಲ್ಲ. ಒಂದು ವಿಷಯವನ್ನು ತಲೆಯಲ್ಲಿ ಹಿಡಿದುಕೊಂಡೇ ಅದರ ಜೊತೆ ಇನ್ನೊಂದು ಕೆಲಸ ಮಾಡುವ ಶಕ್ತಿ ಇದೆಯಲ್ಲ, ಮನಶ್ಶಾಸ್ತ್ರದವರು ವರ್ಕಿಂಗ್ ಮೆಮರಿ ಅನ್ನುವುದು, ಅದು ಅವರಲ್ಲಿ ಸ್ವಲ್ಪ ಸೋಲುತ್ತದೆ. ಈ ಕಾಯಿಲೆಯ ಮಾತು ಬಂದಾಗಲೆಲ್ಲ ಜನ ವಿಚಿತ್ರ ನಂಬಿಕೆ, ವಿಚಿತ್ರ ಮಾತು, ಒಂಟಿತನ ಇವನ್ನೇ ಹೇಳುತ್ತಾರೆ. ಅದು ಕಣ್ಣಿಗೆ ಬೀಳುವ ಭಾಗ. ಆದರೆ ಓದು ಅರ್ಧಕ್ಕೆ ನಿಲ್ಲುವುದು, ಕೆಲಸ ಕೈತಪ್ಪುವುದು, ಇಂಥವುಗಳಲ್ಲಿ ಕಣ್ಣಿಗೆ ಕಾಣದ ಈ ಭಾಗದ ಪಾಲು ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಮನೆಯವರು, ಮೇಷ್ಟ್ರು, ಎಷ್ಟೋ ಸಲ ಡಾಕ್ಟರು ಕೂಡ ಇದರ ಬಗ್ಗೆ ಕೇಳುವುದೇ ಇಲ್ಲ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್ಎಂನಲ್ಲಿ ಇದಕ್ಕೆ 9 ಲಕ್ಷಣ ಬರೆದಿದ್ದಾರೆ, ಕನಿಷ್ಠ 5 ಇರಬೇಕು. ಟಿವಿಯಲ್ಲಿ ಹೇಳಿದ್ದು, ಬಸ್ಸಿನಲ್ಲಿ ಯಾರೋ ನಕ್ಕಿದ್ದು ತನ್ನ ಬಗ್ಗೆಯೇ ಅನ್ನಿಸುವುದು. ತನಗೆ ವಿಶೇಷ ಶಕ್ತಿ ಇದೆ, ಮುಂದಾಗುವುದು ತಿಳಿಯುತ್ತದೆ ಅನ್ನುವ ನಂಬಿಕೆ. ಪಕ್ಕದಲ್ಲಿ ಯಾರೋ ನಿಂತಂತೆ ಅನ್ನಿಸುವಂಥ ಅನುಭವಗಳು. ಎಲ್ಲೆಲ್ಲೋ ಸುತ್ತುವ, ಕೇಳುವವರಿಗೆ ಹಿಡಿತಕ್ಕೆ ಸಿಗದ ಮಾತು. ಅನುಮಾನ. ಸಂದರ್ಭಕ್ಕೆ ಹೊಂದದ ಅಥವಾ ತೀರಾ ಕಡಿಮೆ ಭಾವನೆ. ಬೇರೆಯವರಿಗೆ ವಿಚಿತ್ರ ಅನ್ನಿಸುವ ವೇಷ, ನಡವಳಿಕೆ. ಮನೆಯವರನ್ನು ಬಿಟ್ಟರೆ ಆಪ್ತರೇ ಇಲ್ಲದಿರುವುದು. ಕೊನೆಯದು ಜನರ ನಡುವೆ ಇದ್ದಾಗಿನ ಭಯ, ಮತ್ತು ಇದು ಮಾಮೂಲಿ ನಾಚಿಕೆಗಿಂತ ಬೇರೆ. ನಾಚಿಕೆ ಪರಿಚಯ ಆದಂತೆ ಕರಗುತ್ತದೆ, ಈ ಭಯ ವರ್ಷಗಟ್ಟಲೆ ಗೊತ್ತಿರುವವರ ಮುಂದೆಯೂ ಹಾಗೇ ಉಳಿಯುತ್ತದೆ, ಏಕೆಂದರೆ ಅದರ ಬೇರು ಇರುವುದು ಅನುಮಾನದಲ್ಲಿ.

ಇಲ್ಲಿ ನಮ್ಮವರು ಒಂದು ಪ್ರಶ್ನೆ ಕೇಳಲೇಬೇಕು. ದೃಷ್ಟಿ ತಾಗುತ್ತದೆ ಅಂತ ನಿಂಬೆಹಣ್ಣು ಕಟ್ಟುವುದು, ಬೆಕ್ಕು ಅಡ್ಡ ಬಂದರೆ ನಿಂತು ಹೋಗುವುದು, ಮೈಮೇಲೆ ದೇವರು ಬರುತ್ತದೆ ಅಂತ ನಂಬುವುದು, ಇದೆಲ್ಲ ಕಾಯಿಲೆಯಾ? ಅಲ್ಲ. ತಾನು ಬೆಳೆದ ಊರು, ಸಮುದಾಯದಲ್ಲಿ ಎಲ್ಲರೂ ಹಂಚಿಕೊಂಡಿರುವ ನಂಬಿಕೆಯನ್ನು ಲಕ್ಷಣ ಅಂತ ಎಣಿಸಬಾರದು ಅಂತ ಆ ಕೈಪಿಡಿಯೇ ಹೇಳುತ್ತದೆ. ಅದೇ ಊರಿನವರಿಗೇ, ಅದೇ ಮನೆಯವರಿಗೇ ಇದೇನೋ ಬೇರೆ ಥರ ಇದೆಯಲ್ಲಾ ಅನ್ನಿಸಿದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನಂಬಿಕೆಯನ್ನು ಅಳೆಯುವಾಗ ಅಕ್ಕಪಕ್ಕದವರನ್ನು ನೋಡಿ ಅಳೆಯಬೇಕು. ಅಂಕಿ ಕೂಡುವ ಪರೀಕ್ಷೆಯಲ್ಲಿ ಈ ಗೊಂದಲ ಕಡಿಮೆ, ಅದೂ ಒಂದು ಅನುಕೂಲ.

ಇತಿಹಾಸ ಚುಟುಕಾಗಿ ಹೇಳುತ್ತೇನೆ. 1960ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ, ಚಿಕ್ಕಂದಿನಲ್ಲೇ ದತ್ತು ಹೋಗಿ ಮುಂದೆ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳುವ, ಭ್ರಮೆಗೆ ಬೀಳುವ ತೀವ್ರ ಮಾನಸಿಕ ಕಾಯಿಲೆ) ಬಂದವರ ರಕ್ತಸಂಬಂಧಿಗಳನ್ನು ಹುಡುಕಿ ನೋಡಿದರು. ಸೇಮೂರ್ ಕೆಟಿ ಮತ್ತು ಅವರ ಜೊತೆಗಾರರ ಕೆಲಸ ಅದು. ಆ ಸಂಬಂಧಿಗಳಲ್ಲಿ ಪೂರ್ತಿ ಕಾಯಿಲೆ ಇಲ್ಲದಿದ್ದರೂ ಅದರ ನೆರಳಿನಂಥ ಲಕ್ಷಣಗಳು ಇರುವವರು ಸಿಕ್ಕರು. ಅವರನ್ನು ವಿವರಿಸಲೆಂದು ಮಾಡಿದ ಪಟ್ಟಿಯೇ 1980ರಲ್ಲಿ ಡಿಎಸ್ಎಂನ ಮೂರನೇ ಆವೃತ್ತಿಗೆ ಸೇರಿತು. ಅದಕ್ಕೂ ಮುಂಚೆ, 1962ರಲ್ಲೇ, ಪಾಲ್ ಮೀಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇಂಥ ಹುಟ್ಟುಗುಣ ಇರುವವರಲ್ಲಿ ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ ಬರುವುದೇ ಇಲ್ಲ ಅಂತ ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದು ಇವತ್ತಿಗೂ ವ್ಯಕ್ತಿತ್ವದ ಕಾಯಿಲೆಗಳ ಜೊತೆ ಇಲ್ಲ, ಸ್ಕಿಜೋಫ್ರೇನಿಯಾದ ಅಕ್ಕಪಕ್ಕದಲ್ಲಿದೆ. 2013ರ ಡಿಎಸ್ಎಂ-5 ಎರಡೂ ಕಡೆ ಹೆಸರಿಸಿದೆ.

ಈ ನಂಟಿನಿಂದಾಗಿಯೇ ಸಂಶೋಧಕರಿಗೆ ಇವರ ಮೇಲೆ ಆಸಕ್ತಿ. ಸ್ಕಿಜೋಫ್ರೇನಿಯಾ ಇರುವವರಲ್ಲಿ ನೆನಪು, ಗಮನ ಕುಂದುವುದು ಬಹಳ ಹಿಂದಿನಿಂದ ಗೊತ್ತು. ಆದರೆ ಅದಕ್ಕೆ ಕಾರಣ ಕಾಯಿಲೆಯಾ, ವರ್ಷಗಟ್ಟಲೆ ನುಂಗಿದ ಮಾತ್ರೆಯಾ, ಆಸ್ಪತ್ರೆವಾಸವಾ, ಕಿವಿಯಲ್ಲಿ ಕೇಳುವ ಧ್ವನಿಗಳು ಗಮನ ಕದಿಯುವುದಾ ಅಂತ ಬಿಡಿಸಿ ಹೇಳುವುದು ಕಷ್ಟ. ಸ್ಕಿಜೋಟೈಪಲ್ ಇರುವ ಹೆಚ್ಚಿನವರು ಮಾತ್ರೆ ತಗೊಂಡಿರುವುದಿಲ್ಲ, ಆಸ್ಪತ್ರೆ ಸೇರಿರುವುದಿಲ್ಲ, ಪೂರ್ತಿ ಭ್ರಮೆಗೆ ಹೋಗಿರುವುದಿಲ್ಲ. ಹಾಗಿದ್ದೂ ಅವರಲ್ಲಿ ಅದೇ ಜಾತಿಯ ತೊಂದರೆ, ಸಣ್ಣ ಪ್ರಮಾಣದಲ್ಲಿ, ಸಿಕ್ಕರೆ ಅದು ಕಾಯಿಲೆಯ ಒಳಗಿನಿಂದಲೇ ಬಂದದ್ದು ಅನ್ನಲು ಧೈರ್ಯ ಬರುತ್ತದೆ. ಸಿಕ್ಕಿದ್ದೂ ಹಾಗೇ. ಪರೀಕ್ಷೆಗಳಲ್ಲಿ ಇವರು ಸಾಮಾನ್ಯವಾಗಿ ಆರೋಗ್ಯವಂತರಿಗೂ ಸ್ಕಿಜೋಫ್ರೇನಿಯಾ ಇರುವವರಿಗೂ ನಡುವೆ ನಿಲ್ಲುತ್ತಾರೆ.

ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜಿನಲ್ಲಿ ಲ್ಯಾರಿ ಸೀವರ್ ಎಂಬ ಮನೋವೈದ್ಯರ ತಂಡ ದಶಕಗಟ್ಟಲೆ ಈ ಜನರ ಜೊತೆ ಕೆಲಸ ಮಾಡಿತು. ನಾನು ಹೇಳುವುದರಲ್ಲಿ ಜಾಸ್ತಿ ಭಾಗ ಅಲ್ಲಿಂದ ಬಂದದ್ದು. ಅವರು ಒಂದೇ ಪರೀಕ್ಷೆ ಮಾಡಲಿಲ್ಲ. ಕಾಗದದ ಮೇಲೆ ಒಂದು ಚುಕ್ಕೆ ತೋರಿಸಿ, ಮುಚ್ಚಿ, ಸ್ವಲ್ಪ ಹೊತ್ತು ಗಮನ ಬೇರೆ ಕಡೆ ಎಳೆದು, ಆಮೇಲೆ ಖಾಲಿ ಕಾಗದದ ಮೇಲೆ ಚುಕ್ಕೆ ಎಲ್ಲಿತ್ತು ಗುರುತು ಹಾಕಿ ಅಂದರು. ಪದಗಳ ಪಟ್ಟಿ ಓದಿ ನೆನಪಿಡಿ ಅಂದರು. ಕಾರ್ಡುಗಳನ್ನು ವಿಂಗಡಿಸುವ ನಿಯಮವನ್ನು ಹೇಳದೇ ಬದಲಾಯಿಸಿ, ಹೊಸ ನಿಯಮಕ್ಕೆ ಎಷ್ಟು ಬೇಗ ಹೊಂದಿಕೊಳ್ಳುತ್ತಾರೆ ನೋಡಿದರು. ಹಲವು ಕಡೆ ಹಿನ್ನಡೆ ಕಂಡಿತು. 2005ರಲ್ಲಿ ಅವರು ಪ್ರಕಟಿಸಿದ ಒಂದು ಲೆಕ್ಕಾಚಾರ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಪಾಸಾಟ್‌ನಲ್ಲಿ ಕಂಡ ಹಿನ್ನಡೆಯನ್ನು ಲೆಕ್ಕದಿಂದ ಕಳೆದು ನೋಡಿದಾಗ, ಉಳಿದ ಪರೀಕ್ಷೆಗಳಲ್ಲಿ ಕಂಡಿದ್ದ ವ್ಯತ್ಯಾಸಗಳು ಹೆಚ್ಚುಕಡಿಮೆ ಮಾಯವಾದವು. ಅಂದರೆ ಹತ್ತು ಬೇರೆ ಬೇರೆ ತೊಂದರೆ ಅಂತ ಕಂಡದ್ದರ ಬುಡದಲ್ಲಿ ದೊಡ್ಡ ಪಾಲು ವರ್ಕಿಂಗ್ ಮೆಮರಿಯದ್ದು.

ಯೋಚಿಸಿ ನೋಡಿದರೆ ಇದು ಸಹಜ. ಪದಗಳ ಪಟ್ಟಿಯನ್ನೇ ತಗೊಳ್ಳಿ. ಬದನೆಕಾಯಿ, ಸುತ್ತಿಗೆ, ಮಲ್ಲಿಗೆ, ಹೀರೇಕಾಯಿ, ಗರಗಸ, ಸಂಪಿಗೆ ಅಂತ ಕಲಸಿ ಹೇಳಿದರೆ ಹೆಚ್ಚಿನವರು ತಮಗೇ ಗೊತ್ತಿಲ್ಲದೇ ತರಕಾರಿ ಒಂದು ಕಡೆ, ಹೂವು ಒಂದು ಕಡೆ, ಆಯುಧ ಒಂದು ಕಡೆ ಅಂತ ಗುಂಪು ಮಾಡಿಕೊಳ್ಳುತ್ತಾರೆ. ಹಾಗೆ ಗುಂಪು ಮಾಡಬೇಕೆಂದರೆ ಹೀರೇಕಾಯಿ ಕಿವಿಗೆ ಬಿದ್ದಾಗ ಬದನೆಕಾಯಿ ಇನ್ನೂ ತಲೆಯಲ್ಲಿ ಇರಬೇಕು. ಅದು ಜಾರಿದ್ದರೆ ಪ್ರತಿ ಪದವೂ ಒಂಟಿ. ಒಂಟಿ ಪದಗಳು ಬೇಗ ಕಳೆದುಹೋಗುತ್ತವೆ. ಆಮೇಲೆ ನೋಡಿದವರು ನೆನಪಿನ ಶಕ್ತಿ ಕಡಿಮೆ ಅಂತಾರೆ. ನಿಜವಾಗಿ ಎಡವಟ್ಟಾದದ್ದು ನೆನಪಿಟ್ಟುಕೊಳ್ಳುವ ಮುಂಚಿನ ಹಂತದಲ್ಲಿ, ಒಳಗೆ ಹಾಕಿಕೊಳ್ಳುವಾಗ.

ಇನ್ನೊಂದು ಪ್ರಯೋಗ ಹೇಳಲೇಬೇಕು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 2004ರಲ್ಲಿ ಡಿಯಾನಾ ಬಾರ್ಚ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಪರದೆ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಬರುತ್ತದೆ. ಎಕ್ಸ್ ಬಂದಾಗ ಒಂದು ಬಟನ್ ಒತ್ತಬೇಕು, ಆದರೆ ಅದರ ಹಿಂದೆ ಎ ಬಂದಿದ್ದರೆ ಮಾತ್ರ. ಎ ಆದಮೇಲೆ ಎಕ್ಸ್ ಬರುವುದೇ ಜಾಸ್ತಿ ಇರುವಂತೆ ಇಟ್ಟಿರುತ್ತಾರೆ. ಹಾಗಾಗಿ ಎ ನೋಡಿದ ಕೂಡಲೇ ಆರೋಗ್ಯವಂತರ ಬೆರಳು ಬಟನ್ ಮೇಲೆ ತಯಾರಾಗಿ ಕೂರುತ್ತದೆ, ಎಕ್ಸ್ ಬದಲು ಬೇರೆ ಅಕ್ಷರ ಬಂದರೂ ಒತ್ತಿಬಿಡುತ್ತದೆ. ಸ್ಕಿಜೋಟೈಪಲ್ ಇರುವವರಲ್ಲಿ ಈ ತಪ್ಪು ಕಡಿಮೆ! ಅವರು ಮಾಡುವ ತಪ್ಪು ಇನ್ನೊಂದು. ಎಕ್ಸ್‌ನ ಹಿಂದೆ ಎ ಬಂದಿರದಿದ್ದರೂ ಒತ್ತುತ್ತಾರೆ. ಎರಡಕ್ಕೂ ಕಾರಣ ಒಂದೇ, ಹಿಂದಿನ ಅಕ್ಷರ ಮುಂದಿನದಕ್ಕೆ ಅರ್ಥ ಕೊಡುವಷ್ಟು ಗಟ್ಟಿಯಾಗಿ ತಲೆಯಲ್ಲಿ ನಿಂತಿಲ್ಲ. ಸುಮ್ನೆ ಮಂದ ಬುದ್ಧಿ ಅಥವಾ ಸೋಮಾರಿತನ ಆಗಿದ್ದರೆ ಎರಡೂ ಕಡೆ ತಪ್ಪು ಹೆಚ್ಚಾಗಬೇಕಿತ್ತು ಅಲ್ವಾ? ಒಂದು ಕಡೆ ಉಳಿದವರಿಗಿಂತ ಚೆನ್ನಾಗಿ ಮಾಡಿದ್ದಾರೆ. ಯಾರಾದರೂ ಇಂಥವರನ್ನು ದಡ್ಡ ಅಂದಾಗ ನನಗೆ ಈ ಪ್ರಯೋಗವೇ ನೆನಪಾಗುತ್ತದೆ.

ಸಂದರ್ಭವನ್ನು ಹಿಡಿದಿಟ್ಟುಕೊಳ್ಳುವುದು ಅಕ್ಷರದ ಆಟಕ್ಕೆ ಮಾತ್ರ ಬೇಕಾದ್ದಲ್ಲ. ಮಾತುಕತೆ ನಡೆಯುವುದೇ ಅದರ ಮೇಲೆ. ಎದುರಿನವರು ಹತ್ತು ಸೆಕೆಂಡು ಹಿಂದೆ ಏನಂದರು, ತಮಾಷೆಗೆ ಅಂದರಾ, ಬೇಸರದಲ್ಲಿ ಅಂದರಾ, ನಾನು ಶುರು ಮಾಡಿದ ವಾಕ್ಯ ಎಲ್ಲಿಗೆ ಹೋಗಬೇಕಿತ್ತು, ಇಷ್ಟನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತು ದಾರಿಯಲ್ಲಿರುತ್ತದೆ. ಬಾಯಿಬಿಟ್ಟು ಹೇಳದ ಸೂಚನೆಯನ್ನು ಹಿಡಿಯುವುದು, ಮುಖ ನೋಡಿ ಭಾವನೆ ಗುರುತಿಸುವುದು ಇವರಿಗೆ ಕಷ್ಟ ಅಂತ ಬೇರೆ ಅಧ್ಯಯನಗಳೂ ತೋರಿಸಿವೆ. ಹೀಗಾಗಿ ಜನರ ಜೊತೆ ಬೆರೆಯದೇ ಇರುವುದೆಲ್ಲ ಸ್ವಭಾವ ಅಂತ ಬಿಟ್ಟುಬಿಡಬಾರದು. ಮಾತುಕತೆ ಪ್ರತಿ ಸಲ ಸುಸ್ತು ಮಾಡಿದರೆ, ಪ್ರತಿ ಸಲ ಏನೋ ತಪ್ಪಿತು ಅನ್ನಿಸಿದರೆ, ಯಾರಾದರೂ ದೂರ ಸರಿಯುತ್ತಾರೆ.

ಹಾಗಾದರೆ ವಿಚಿತ್ರ ನಂಬಿಕೆಯೂ ವರ್ಕಿಂಗ್ ಮೆಮರಿಯಿಂದಲೇ ಬರುತ್ತದಾ? ಇಲ್ಲಿ ಅವಸರ ಬೇಡ. ಸೀವರ್ ತಂಡದ ವಾದ ಬೇರೆ, ಮತ್ತು ನನಗೆ ಅದು ಒಪ್ಪಿಗೆ ಆಗುತ್ತದೆ. ಇಲ್ಲಿ ಎರಡು ಎಳೆಗಳಿವೆ. ಮಿದುಳಿನ ಒಳಭಾಗದಲ್ಲಿರುವ ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಜಾಸ್ತಿ ಬಿಡುಗಡೆಯಾದರೆ ಅನುಮಾನ, ಎಲ್ಲವೂ ನನ್ನ ಬಗ್ಗೆಯೇ ಅನ್ನಿಸುವುದು ಹೆಚ್ಚುತ್ತದೆ. ಹಣೆಯ ಹಿಂದಿರುವ ಮುಂಭಾಗದ ತೊಗಟೆಯಲ್ಲಿ ಅದೇ ಡೋಪಮಿನ್ ಸಾಲದೇ ಹೋದರೆ ವರ್ಕಿಂಗ್ ಮೆಮರಿ ಸೋಲುತ್ತದೆ. ಒಂದೇ ಮನುಷ್ಯನಲ್ಲಿ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. 2004ರಲ್ಲಿ ಅನಿಸ್ಸಾ ಅಬಿ-ದರ್ಘಾಮ್ ತಂಡ ಸ್ಕ್ಯಾನ್ ಮಾಡಿ ನೋಡಿದಾಗ, ಇವರ ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ಬಿಡುಗಡೆ ಆರೋಗ್ಯವಂತರಿಗಿಂತ ಹೆಚ್ಚಿತ್ತು, ಆದರೆ ಸ್ಕಿಜೋಫ್ರೇನಿಯಾ ಉಲ್ಬಣಿಸಿದವರಷ್ಟು ಇರಲಿಲ್ಲ. ಮಿದುಳಿನ ಗಾತ್ರ ಅಳೆದ ಅಧ್ಯಯನಗಳಲ್ಲೂ ಕಿವಿಯ ಹತ್ತಿರದ ಟೆಂಪೊರಲ್ ಭಾಗ ಕುಗ್ಗಿರುವುದು ಕಾಣುತ್ತದೆ, ಮುಂಭಾಗ ಅಷ್ಟಾಗಿ ಕುಗ್ಗಿರುವುದಿಲ್ಲ. ಮುಂಭಾಗ ಅಷ್ಟರಮಟ್ಟಿಗೆ ಉಳಿದಿರುವುದೇ ಇವರನ್ನು ಪೂರ್ತಿ ಕಾಯಿಲೆಗೆ ಬೀಳದಂತೆ ತಡೆಯುತ್ತಿರಬಹುದು ಅನ್ನುವುದು ಸೀವರ್ ಅವರ ಊಹೆ.

ಈ ಎರಡು ಎಳೆಯ ಮಾತು ಚಿಕಿತ್ಸೆಗೆ ಬಂದಾಗ ತುಂಬಾ ಬೆಲೆಯುಳ್ಳದ್ದು. ಡೋಪಮಿನ್ ಪರಿಣಾಮವನ್ನು ತಗ್ಗಿಸುವ ರಿಸ್ಪೆರಿಡೋನ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಲಕ್ಷಣಗಳು ತಗ್ಗಿದವು, ಆದರೆ ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಸುಧಾರಣೆ ಕಾಣಲಿಲ್ಲ. ಮಗ ಈಗ ವಿಚಿತ್ರವಾಗಿ ಮಾತಾಡಲ್ಲ, ಆದರೂ ಯಾಕೆ ಕೆಲಸದಲ್ಲಿ ನಿಲ್ಲುತ್ತಿಲ್ಲ ಅಂತ ಕೇಳುವ ತಂದೆತಾಯಿಗೆ ಉತ್ತರ ಇಲ್ಲಿದೆ. ಆ ಮಾತ್ರೆ ಎರಡನೇ ಎಳೆಯನ್ನು ಮುಟ್ಟಿಲ್ಲ. ಮೌಂಟ್ ಸೈನಾಯ್‌ನವರು ಅದಕ್ಕೂ ಕೈ ಹಾಕಿ ನೋಡಿದರು. ಡೋಪಮಿನ್‌ನಂತೆ ಕೆಲಸ ಮಾಡುವ ಪರ್ಗೊಲೈಡ್, ಡೈಹೈಡ್ರೆಕ್ಸಿಡಿನ್ ಕೊಟ್ಟಾಗ ವರ್ಕಿಂಗ್ ಮೆಮರಿ ಚೇತರಿಸಿತು. ರಕ್ತದೊತ್ತಡದ ಔಷಧವಾಗಿ ಶುರುವಾದ ಗ್ವಾನ್‌ಫಸಿನ್ ಕೊಟ್ಟಾಗ ಸಂದರ್ಭ ಹಿಡಿಯುವ ಆ ಅಕ್ಷರದ ಪರೀಕ್ಷೆಯಲ್ಲಿ ತಪ್ಪು ತಗ್ಗಿತು. 2019ರಲ್ಲಿ ಇನ್ನೂ ಮುಂದೆ ಹೋಗಿ 28 ಜನರಿಗೆ 8 ವಾರ ಕಂಪ್ಯೂಟರ್ ಮೇಲೆ ಯೋಚನಾ ತರಬೇತಿ ಮತ್ತು ಜನರ ಜೊತೆ ಬೆರೆಯುವ ತರಬೇತಿ ಕೊಟ್ಟರು, ಅವರಲ್ಲಿ ಕೆಲವರಿಗೆ ಗ್ವಾನ್‌ಫಸಿನ್, ಉಳಿದವರಿಗೆ ಬರೀ ಸಕ್ಕರೆ ಗುಳಿಗೆಯಂಥದ್ದು. ತರಬೇತಿ ಜೊತೆ ಔಷಧವೂ ಸಿಕ್ಕವರು ಲೆಕ್ಕಾಚಾರ ಹಾಕಿ ಸಮಸ್ಯೆ ಬಿಡಿಸುವುದರಲ್ಲಿ, ದಿನಬಳಕೆಯ ಕೆಲಸ ನಿಭಾಯಿಸುವುದರಲ್ಲಿ ಹೆಚ್ಚು ಸುಧಾರಿಸಿದರು.

ಇವೆಲ್ಲ ಸಣ್ಣ ಅಧ್ಯಯನಗಳು ಅನ್ನುವುದನ್ನು ಮರೆಯಬೇಡಿ. ಈ ಕಾಯಿಲೆಗೆಂದೇ ಅಮೆರಿಕದಲ್ಲೂ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಪರ್ಗೊಲೈಡ್ ಅನ್ನಂತೂ ಹೃದಯದ ಕವಾಟಕ್ಕೆ ತೊಂದರೆ ಮಾಡುತ್ತದೆಂದು 2007ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ವಾಪಸ್ ಪಡೆದರು. ಇದನ್ನು ಓದಿ ಯಾರೂ ಮೆಡಿಕಲ್ ಶಾಪ್‌ಗೆ ಹೋಗಬೇಡಿ. ಈ ಅಧ್ಯಯನಗಳಿಂದ ಗಟ್ಟಿಯಾಗಿ ತಿಳಿಯುವುದು ಒಂದೇ, ಈ ಹಿನ್ನಡೆ ಬದಲಾಗದ ಹಣೆಬರಹ ಅಲ್ಲ.

ಯಾರಿಗೆ ಪೂರ್ತಿ ಸ್ಕಿಜೋಫ್ರೇನಿಯಾ ಬರುತ್ತದೆ ಅನ್ನುವ ಭಯ ಎಲ್ಲ ಮನೆಯಲ್ಲೂ ಇರುತ್ತದೆ. ಡೆನ್ಮಾರ್ಕ್‌ನಲ್ಲಿ ಆಸ್ಪತ್ರೆ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 20 ವರ್ಷದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬಂದಿತ್ತು. ಇಬ್ಬರಿಗೆ ಬರಲಿಲ್ಲ ಅನ್ನುವುದನ್ನೂ ಓದಿಕೊಳ್ಳಿ. ಅವರು ಆಸ್ಪತ್ರೆವರೆಗೆ ಬಂದವರು ಅನ್ನುವುದನ್ನೂ. ಆದರೆ ಗಾಂಜಾ ಚಟ ಇದ್ದವರಲ್ಲಿ ಆ ಪಾಲು ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 58. ಗಾಂಜಾ ವರ್ಕಿಂಗ್ ಮೆಮರಿಯನ್ನೂ ಕೆಡಿಸುತ್ತದೆ, ಅನುಮಾನವನ್ನೂ ಹೆಚ್ಚಿಸುತ್ತದೆ, ಎರಡೂ ಎಳೆಗೆ ಒಟ್ಟಿಗೇ ಪೆಟ್ಟು. ಇಂಥ ಸ್ವಭಾವ ಇರುವ ಹುಡುಗ ಹುಡುಗಿಯರಿಗೆ ಹಾಸ್ಟೆಲ್‌ನಲ್ಲಿ ಯಾರಾದರೂ ಇದು ನೈಸರ್ಗಿಕ, ಏನೂ ಆಗಲ್ಲ ಅಂದರೆ ದಯವಿಟ್ಟು ನಂಬಬೇಡಿ.

ಮಾರಿಷಸ್‌ನ ಕಥೆ ಇದಕ್ಕಿಂತ ಭರವಸೆಯದು. ಅಲ್ಲಿನ ಜನರಲ್ಲಿ ಬಹುಪಾಲು ಭಾರತದಿಂದ ಹೋದವರ ವಂಶದವರು. ಆ ದ್ವೀಪದಲ್ಲಿ 3 ವರ್ಷದ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಆರಿಸಿ ದಶಕಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. ಅವರಲ್ಲಿ 83 ಮಕ್ಕಳಿಗೆ 3ರಿಂದ 5ನೇ ವಯಸ್ಸಿನವರೆಗೆ ಒಳ್ಳೆ ಊಟ, ಆಟ, ವ್ಯಾಯಾಮ, ಚೆನ್ನಾಗಿ ತರಬೇತಿ ಪಡೆದ ಟೀಚರ್‌ಗಳಿರುವ ಶಿಶುವಿಹಾರ ಕೊಟ್ಟರು. ಏಡ್ರಿಯನ್ ರೇನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಪ್ರಕಾರ, 17ನೇ ವಯಸ್ಸಿಗೆ ಆ ಮಕ್ಕಳಲ್ಲಿ ಸ್ಕಿಜೋಟೈಪಲ್ ಲಕ್ಷಣಗಳು ಉಳಿದವರಿಗಿಂತ ಕಡಿಮೆ ಇದ್ದವು. 3ನೇ ವಯಸ್ಸಿನಲ್ಲಿ ಪೌಷ್ಟಿಕತೆ ಕೊರತೆ ಇದ್ದ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ನಮ್ಮ ಅಂಗನವಾಡಿಯ ಮೊಟ್ಟೆ, ಹಾಲು, ಹಾಡು, ಆಟದ ಬಗ್ಗೆ ಬಜೆಟ್ ಲೆಕ್ಕದಲ್ಲಿ ಮಾತಾಡುವವರು ಇದನ್ನೊಮ್ಮೆ ಓದಲಿ ಅಂತ ನನ್ನ ಆಸೆ.

ಈಗ ಮನೆಯ, ಕಾಲೇಜಿನ, ಆಫೀಸಿನ ಮಾತು. ವರ್ಕಿಂಗ್ ಮೆಮರಿ ಕಡಿಮೆ ಇರುವವರಿಗೆ ಅಡುಗೆಮನೆಯಿಂದ ಕೂಗಿ, ಗ್ಯಾಸ್ ಬುಕ್ ಮಾಡು, ಬರುವಾಗ ಕೊತ್ತಂಬರಿ ತಾ, ಅಜ್ಜಿ ಮಾತ್ರೆ ಮುಗಿದಿದೆ ನೋಡು ಅಂತ ಒಂದೇ ಉಸಿರಲ್ಲಿ ಹೇಳಿದರೆ ಮೂರರಲ್ಲಿ ಎರಡು ಬಿಟ್ಟುಹೋಗುತ್ತದೆ. ಆಮೇಲೆ ಕಿವಿ ಕೇಳಲ್ವಾ, ಗಮನ ಎಲ್ಲಿರುತ್ತೆ ಅನ್ನುವ ಬೈಗುಳ, ಮೊದಲೇ ಅನುಮಾನ ಇರುವ ಮನಸ್ಸಿಗೆ ಎಲ್ಲರೂ ನನ್ನ ವಿರುದ್ಧವೇ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಒಂದು ಸಲಕ್ಕೆ ಒಂದೇ ಹೇಳಿ. ಚೀಟಿಯಲ್ಲಿ ಬರೆದುಕೊಡಿ, ಇಲ್ಲವೇ ವಾಟ್ಸಾಪ್ ಮಾಡಿ. ಆಫೀಸಿನಲ್ಲಾದರೆ ಮೀಟಿಂಗ್ ಮುಗಿದಮೇಲೆ ಮಾಡಬೇಕಾದ್ದನ್ನು ಎರಡು ಸಾಲಲ್ಲಿ ಮೇಲ್ ಹಾಕಿ, ಫೋನು ಬಾರಿಸುವ ಜಾಗದಿಂದ ದೂರ ಕೂರಿಸಿ. ಕೌಂಟರಿನಲ್ಲಿ ಕೂತು ಮಾತು ಕೇಳುತ್ತಾ ಲೆಕ್ಕ ಮಾಡುವ ಕೆಲಸ ಕಷ್ಟವಾದರೆ, ಕೂತು ಒಂದೊಂದಾಗಿ ಮುಗಿಸುವ ಕೆಲಸದಲ್ಲಿ ಅದೇ ಮನುಷ್ಯ ಚೆನ್ನಾಗಿ ನಿಲ್ಲಬಹುದು. ಕಾಲೇಜಿನವರು ಪಾಠದ ನೋಟ್ಸ್ ಮುಂಚೆಯೇ ಕೊಟ್ಟರೆ ಕೇಳುತ್ತಾ ಬರೆಯುವ ಒದ್ದಾಟ ತಪ್ಪುತ್ತದೆ. ಇದ್ಯಾವುದಕ್ಕೂ ದುಡ್ಡು ಖರ್ಚಾಗಲ್ಲ.

ಪರೀಕ್ಷೆ ಮಾಡಿಸಬೇಕು ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲೇ ನಮ್ಮ ಜನರಿಗೆ ತಕ್ಕ ನ್ಯೂರೋಸೈಕಾಲಜಿ ಪರೀಕ್ಷೆಗಳ ಗುಚ್ಛವನ್ನು ತಂದಿದೆ. ವಯಸ್ಸು, ಗಂಡು-ಹೆಣ್ಣು, ಎಷ್ಟು ಓದಿದ್ದಾರೆ ಅನ್ನುವುದನ್ನು ನೋಡಿ ಅಂಕ ಹೋಲಿಸುತ್ತಾರೆ. ಶಾಲೆಗೆ ಹೋಗದವರನ್ನು ಅಮೆರಿಕದ ಕಾಲೇಜು ಹುಡುಗರ ಜೊತೆ ಹೋಲಿಸುವ ಅನ್ಯಾಯ ಇಲ್ಲಿಲ್ಲ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ವಿಚಿತ್ರ ಮಾತುಗಳ ಪಟ್ಟಿ ಒಂದನ್ನೇ ಒಯ್ಯಬೇಡಿ. ಹಳೇ ಮಾರ್ಕ್ಸ್ ಕಾರ್ಡು ಒಯ್ಯಿರಿ, ಯಾವ ಕ್ಲಾಸಿನಿಂದ ಹಿಂದೆ ಬಿದ್ದರು, ಯಾವ ಕೆಲಸ ಯಾವ ಕಾರಣಕ್ಕೆ ಬಿಟ್ಟರು, ಏನನ್ನು ಹೇಳಿದರೆ ಮರೆಯುತ್ತಾರೆ, ಏನನ್ನು ಬರೆದುಕೊಟ್ಟರೆ ಮರೆಯಲ್ಲ ಅನ್ನುವುದನ್ನೂ ಬರೆದುಕೊಂಡು ಹೋಗಿ. ವರ್ಕಿಂಗ್ ಮೆಮರಿ ಮತ್ತು ಗಮನವನ್ನೂ ಪರೀಕ್ಷಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ, ವರದಿ ಬಂದಮೇಲೆ ಮನೆಯವರನ್ನೂ ಕೂರಿಸಿಕೊಂಡು ಅದನ್ನು ಬಿಡಿಸಿ ಹೇಳಿಸಿ.